ಹಗುರ ವಿಮಾನದ ಪಿಟೊ–ಸ್ಟ್ಯಾಟಿಕ್ ಉಪಕರಣಗಳು: ರಚನೆ ಮತ್ತು ದೋಷ ಪತ್ತೆ

ಹಾರುವ ವಿಮಾನದ ಸುತ್ತಲಿನ ಗಾಳಿಯ ಒತ್ತಡವನ್ನು ಎರಡು ಬಗೆಯಲ್ಲಿ ಹಿಡಿದು, ಅದರಿಂದ ವೇಗ, ಎತ್ತರ ಹಾಗೂ ಏರಿಳಿತದ ದರವನ್ನು ತೋರಿಸುವ ಏರ್ಪಾಡಿಗೆ ಪಿಟೊ–ಸ್ಟ್ಯಾಟಿಕ್ ವ್ಯವಸ್ಥೆ ಎಂದು ಹೆಸರು. ಸೆಸ್ನಾ 172ರಂಥ ತರಬೇತಿ ವಿಮಾನದಲ್ಲಿ ಇದರ ಸಾಮಗ್ರಿ ತೀರ ಕಡಿಮೆ. ಎಡರೆಕ್ಕೆಯ ಅಡಿಯಲ್ಲಿ ಮುಂದಕ್ಕೆ ಬಾಯಿ ಮಾಡಿದ ಒಂದು ನಳಿಕೆ, ವಿಮಾನದ ಮೈಮೇಲೆ ಗುಂಡುಸೂಜಿಯ ತಲೆಯಷ್ಟು ಸಣ್ಣ ರಂಧ್ರ, ಕೆಲವು ಮೀಟರ್ ಪೈಪು, ಕೊನೆಯಲ್ಲಿ ಮೂರು ಡಯಲು. ಆದರೂ ಅನುಭವಿ ಪೈಲಟ್‌ಗಳನ್ನೇ ದಾರಿ ತಪ್ಪಿಸಿದ ದೋಷಗಳು ಇದರಲ್ಲೇ ಹುಟ್ಟಿವೆ. ಕಾರಣವಿಷ್ಟೆ: ಕೆಟ್ಟ ಉಪಕರಣ ನಿಂತುಹೋಗುವುದಿಲ್ಲ, ನಂಬುವಂಥ ಸುಳ್ಳು ಅಂಕಿ ತೋರಿಸುತ್ತಿರುತ್ತದೆ. ಆದರೆ ಒಂದೊಂದು ದೋಷಕ್ಕೂ ಅದರದೇ ಲಕ್ಷಣವಿದೆ, ಮತ್ತು ಆ ಲಕ್ಷಣ ಒಂದು ಡಯಲಿನಲ್ಲಿ ಪೂರ್ತಿ ಕಾಣುವುದಿಲ್ಲ. ಮೂರನ್ನೂ ಒಟ್ಟಿಗೆ ಓದಬಲ್ಲವನು ಪೈಪಿನ ಯಾವ ಭಾಗದಲ್ಲಿ ತೊಂದರೆಯಿದೆ ಎಂಬುದನ್ನು ಒಂದು ಸ್ಕ್ರೂ ಬಿಚ್ಚುವ ಮೊದಲೇ ಬಹುಮಟ್ಟಿಗೆ ಹೇಳಬಲ್ಲ.

ಮೂಲತತ್ತ್ವ

ಫ್ರಾನ್ಸಿನ ಎಂಜಿನಿಯರ್ ಆನ್ರಿ ಪಿಟೊ 1732ರಲ್ಲಿ ಸೀನ್ ನದಿಯ ಹರಿವನ್ನು ಅಳೆಯಲು ತುದಿ ಬಾಗಿಸಿದ ಗಾಜಿನ ಕೊಳವೆಯೊಂದನ್ನು ಬಳಸಿದ. ಪ್ರವಾಹಕ್ಕೆ ಎದುರಾಗಿ ಹಿಡಿದ ಬಾಯಿಯೊಳಗೆ ನೀರು ಬಂದು ನಿಲ್ಲುತ್ತದೆ, ನಿಂತ ನೀರು ಕೊಳವೆಯಲ್ಲಿ ಮೇಲೇರುತ್ತದೆ, ಏರಿದ ಎತ್ತರವೇ ವೇಗದ ಅಳತೆ. ಹತ್ತೊಂಬತ್ತನೆಯ ಶತಮಾನದಲ್ಲಿ ಆನ್ರಿ ಡಾರ್ಸಿ ಈ ಕೊಳವೆಯನ್ನು ಸುಧಾರಿಸಿದ. ವಿಮಾನದಲ್ಲಿ ನೀರಿನ ಬದಲು ಗಾಳಿ, ತತ್ತ್ವ ಅದೇ. ಪಿಟೊ ನಳಿಕೆ ಹಿಡಿಯುವುದು ಒಟ್ಟು ಒತ್ತಡವನ್ನು. ಮೈಮೇಲಿನ ಸ್ಟ್ಯಾಟಿಕ್ ರಂಧ್ರ ಹಿಡಿಯುವುದು ಆ ಎತ್ತರದಲ್ಲಿ ಗಾಳಿಗೆ ಸಹಜವಾಗಿ ಇರುವ ಸ್ಥಿರ ಒತ್ತಡವನ್ನು. ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದು ಚಲನೆಯಿಂದ ಹುಟ್ಟಿದ ಒತ್ತಡ. ಅದು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ.

ಈ ಒತ್ತಡ ಎಷ್ಟು ಕಡಿಮೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಮಾತೆಲ್ಲ ಸಲೀಸಾಗಿ ಅರ್ಥವಾಗುತ್ತದೆ. ಸಮುದ್ರಮಟ್ಟದ ಪ್ರಮಾಣಿತ ಗಾಳಿಯಲ್ಲಿ 100 ನಾಟ್ ವೇಗಕ್ಕೆ ಹುಟ್ಟುವ ಹೆಚ್ಚುವರಿ ಒತ್ತಡ ಸುಮಾರು 16 ಹೆಕ್ಟೋಪಾಸ್ಕಲ್, ಅಂದರೆ ಸುಮಾರು 165 ಮಿಲಿಮೀಟರ್ ಎತ್ತರದ ನೀರಿನ ಭಾರದಷ್ಟು. 50 ನಾಟ್‌ಗೆ ಅದು ಕಾಲು ಭಾಗಕ್ಕಿಳಿದು 41 ಮಿಲಿಮೀಟರ್ ಆಗುತ್ತದೆ. ಇತ್ತ, ವಿಮಾನ ಬರೀ 500 ಅಡಿ ಮೇಲೇರಿದರೆ ಸ್ಥಿರ ಒತ್ತಡ ಸುಮಾರು 18 ಹೆಕ್ಟೋಪಾಸ್ಕಲ್ ಇಳಿಯುತ್ತದೆ. ಎತ್ತರದ ಸಣ್ಣ ಬದಲಾವಣೆಯೂ ವೇಗದ ಇಡೀ ಅಳತೆಯನ್ನು ನುಂಗಬಲ್ಲಷ್ಟು ದೊಡ್ಡದು. ಎರಡೂ ಒತ್ತಡಗಳು ಸರಿಯಾಗಿ ಬಂದು ತಲುಪಿದಾಗ ಮಾತ್ರ ಈ ಬದಲಾವಣೆ ಎರಡೂ ಕಡೆ ಸಮನಾಗಿ ಸೇರಿ ಕಳೆದುಹೋಗುತ್ತದೆ. ಒಂದು ದಾರಿ ಮುಚ್ಚಿದರೆ ವೇಗಸೂಚಕವು ವೇಗವನ್ನು ಬಿಟ್ಟು ಎತ್ತರವನ್ನು ಅಳೆಯತೊಡಗುತ್ತದೆ.

ಮೂರು ಡಯಲುಗಳು

ವೇಗಸೂಚಕದೊಳಗೆ ತೆಳು ಲೋಹದ ಟೊಳ್ಳು ಬಿಲ್ಲೆಯಿದೆ. ಬಿಲ್ಲೆಯ ಒಳಕ್ಕೆ ಪಿಟೊ ಒತ್ತಡ, ಹೊರಗಿನ ಪೆಟ್ಟಿಗೆಗೆ ಸ್ಟ್ಯಾಟಿಕ್ ಒತ್ತಡ. ಎರಡರ ವ್ಯತ್ಯಾಸಕ್ಕೆ ತಕ್ಕಂತೆ ಬಿಲ್ಲೆ ಉಬ್ಬಿ ಮುಳ್ಳನ್ನು ತಿರುಗಿಸುತ್ತದೆ. ಆಲ್ಟಿಮೀಟರಿನಲ್ಲಿರುವುದು ಗಾಳಿ ತೆಗೆದು ಮುಚ್ಚಿದ ಬಿಲ್ಲೆಗಳು. ಪೆಟ್ಟಿಗೆಯೊಳಗಿನ ಸ್ಟ್ಯಾಟಿಕ್ ಒತ್ತಡ ಇಳಿದಂತೆ ಅವು ಹಿಗ್ಗುತ್ತವೆ, ಎತ್ತರ ಏರಿದಂತೆ ಕಾಣುತ್ತದೆ. ಪಾಲ್ ಕೋಲ್ಸ್‌ಮನ್ 1928ರಲ್ಲಿ ರೂಪಿಸಿದ ನಿಖರ ಆಲ್ಟಿಮೀಟರನ್ನು ಬಳಸಿ ಜಿಮ್ಮಿ ಡೂಲಿಟ್ಲ್ 1929ರ ಸೆಪ್ಟೆಂಬರ್ 24ರಂದು ಹೊರಗೇನೂ ಕಾಣದಂತೆ ಮುಚ್ಚಿದ ಕಾಕ್‌ಪಿಟ್‌ನಿಂದ ವಿಮಾನವನ್ನು ಏರಿಸಿ, ಹಾರಿಸಿ, ಇಳಿಸಿದ. ಆಯಾ ದಿನದ ಒತ್ತಡವನ್ನು ಹೊಂದಿಸುವ ಪುಟ್ಟ ಕಿಂಡಿಗೆ ಇಂದಿಗೂ ಕೋಲ್ಸ್‌ಮನ್ನನ ಹೆಸರೇ ಇದೆ. ಮೂರನೆಯದು ವಿಎಸ್‌ಐ, ಅಂದರೆ ನಿಮಿಷಕ್ಕೆ ಎಷ್ಟು ಅಡಿ ಏರುತ್ತಿದ್ದೇವೆ ಅಥವಾ ಇಳಿಯುತ್ತಿದ್ದೇವೆ ಎಂದು ತೋರಿಸುವ ಸೂಚಕ. ಅದರ ಬಿಲ್ಲೆಗೆ ಸ್ಟ್ಯಾಟಿಕ್ ಒತ್ತಡ ನೇರವಾಗಿ ಹೋಗುತ್ತದೆ, ಪೆಟ್ಟಿಗೆಗೆ ಮಾತ್ರ ಅಳತೆ ಮಾಡಿದ ಕಿರಿದಾದ ಕಂಡಿಯ ಮೂಲಕ ನಿಧಾನವಾಗಿ. ಆದ್ದರಿಂದಲೇ ಅದರ ಮುಳ್ಳು ಸ್ಥಿರವಾಗಲು ಆರರಿಂದ ಒಂಬತ್ತು ಸೆಕೆಂಡು ಬೇಕು, ಮತ್ತು ಈ ತಡ ದೋಷವಲ್ಲ.

ದೋಷವಲ್ಲದ ಇನ್ನೂ ಒಂದನ್ನು ಇಲ್ಲೇ ಹೇಳಬೇಕು. ವೇಗಸೂಚಕವನ್ನು ಸಮುದ್ರಮಟ್ಟದ ಗಾಳಿಯ ಸಾಂದ್ರತೆಗೆ ಹೊಂದಿಸಿರುತ್ತಾರೆ. ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 3000 ಅಡಿ ಮೇಲಿದೆ. 30 ಡಿಗ್ರಿ ಬಿಸಿಲಿನ ಮಧ್ಯಾಹ್ನ ಅಲ್ಲಿನ ಗಾಳಿ ಎಷ್ಟು ತೆಳುವೆಂದರೆ, ನಿಜವಾದ ವೇಗ ಮುಳ್ಳು ತೋರಿಸುವುದಕ್ಕಿಂತ ಶೇಕಡ 8ರಷ್ಟು ಹೆಚ್ಚಿರುತ್ತದೆ. ಜಿಪಿಎಸ್ ತೋರಿಸುವ ನೆಲದ ವೇಗದ ಜೊತೆ ಹೋಲಿಸಿ ‘ವೇಗಸೂಚಕ ಕಡಿಮೆ ತೋರಿಸುತ್ತಿದೆ’ ಎಂದು ದೂರುವ ಹೊಸ ವಿದ್ಯಾರ್ಥಿ ಮೊದಲು ಈ ಲೆಕ್ಕವನ್ನೂ ಗಾಳಿ ಬೀಸುವ ದಿಕ್ಕನ್ನೂ ಪರಿಶೀಲಿಸಬೇಕು. ಆಲ್ಟಿಮೀಟರಿನ ಮಟ್ಟಿಗೂ ಅಷ್ಟೆ. ಕಿಂಡಿಯಲ್ಲಿ 10 ಹೆಕ್ಟೋಪಾಸ್ಕಲ್ ತಪ್ಪಾಗಿ ಹೊಂದಿಸಿದರೆ ಎತ್ತರದಲ್ಲಿ 300 ಅಡಿಯ ಹತ್ತಿರದ ವ್ಯತ್ಯಾಸ ಬರುತ್ತದೆ. ಅದಕ್ಕೆ ಉಪಕರಣವನ್ನು ದೂರಿ ಫಲವಿಲ್ಲ.

ದಾರಿ ಮುಚ್ಚಿದಾಗ

ಪಿಟೊ ನಳಿಕೆಯ ಮುಂಬಾಯಿ ಮುಚ್ಚಿ, ನೀರು ಹೊರಹೋಗಲೆಂದು ಹಿಂಭಾಗದಲ್ಲಿ ಬಿಟ್ಟಿರುವ ಸಣ್ಣ ತೂತು ತೆರೆದಿದ್ದರೆ, ಒಳಗಿನ ಒತ್ತಡ ಅದರ ಮೂಲಕ ಸೋರಿ ಹೊರಗಿನ ಒತ್ತಡಕ್ಕೆ ಸಮವಾಗುತ್ತದೆ. ವೇಗಸೂಚಕ ಸೊನ್ನೆಗೆ ಇಳಿಯುತ್ತದೆ. ಆಲ್ಟಿಮೀಟರ್, ವಿಎಸ್‌ಐ ಎರಡೂ ಸರಿಯಾಗಿರುತ್ತವೆ. ಮಟ್ಟಸ ಹಾರಾಟದಲ್ಲಿರುವ ವಿಮಾನಕ್ಕೆ ವೇಗವೇ ಇಲ್ಲವೆಂದರೆ ಯಾರೂ ನಂಬುವುದಿಲ್ಲವಾದ್ದರಿಂದ ಮುಚ್ಚುವಿಕೆಗಳಲ್ಲೆಲ್ಲ ಇದು ಕಡಿಮೆ ಅಪಾಯದ್ದು.

ಮುಂಬಾಯಿಯ ಜೊತೆ ಆ ಹಿಂದಿನ ತೂತೂ ಮುಚ್ಚಿದರೆ ಪರಿಸ್ಥಿತಿ ಬೇರೆ. ಆಗ ಪೈಪಿನಲ್ಲಿ ಒಂದು ನಿರ್ದಿಷ್ಟ ಒತ್ತಡ ಸಿಕ್ಕಿಬೀಳುತ್ತದೆ. ಮಟ್ಟಸ ಹಾರಾಟದಲ್ಲಿ ಎಂಜಿನ್ ಶಕ್ತಿ ಹೆಚ್ಚಿಸಿದರೂ ತಗ್ಗಿಸಿದರೂ ಮುಳ್ಳು ಅಲುಗುವುದಿಲ್ಲ. ಏರಿದರೆ ವೇಗ ಹೆಚ್ಚಿದಂತೆ, ಇಳಿದರೆ ತಗ್ಗಿದಂತೆ ತೋರುತ್ತದೆ. ಜಕ್ಕೂರಿನ ಎತ್ತರದಲ್ಲಿ ನೆಲದ ಮೇಲೆಯೇ ಹೀಗೆ ಮುಚ್ಚಿಹೋಗಿದ್ದರೆ, ಓಟದ ಉದ್ದಕ್ಕೂ ಸೊನ್ನೆಯಲ್ಲಿದ್ದ ಮುಳ್ಳು 500 ಅಡಿ ಏರುವಷ್ಟರಲ್ಲಿ ಸುಮಾರು 100 ನಾಟ್ ತೋರಿಸುತ್ತದೆ. 1000 ಅಡಿಗೆ ಸುಮಾರು 143. ‘ಅಂತೂ ಮುಳ್ಳಿಗೆ ಜೀವ ಬಂತು’ ಎಂದು ಪೈಲಟ್ ಸಮಾಧಾನಪಟ್ಟುಕೊಳ್ಳುವ ಆ ಗಳಿಗೆಯೇ ಅಪಾಯದ ಆರಂಭ. ವೇಗ ಮಿತಿಮೀರುತ್ತಿದೆ ಎಂದುಕೊಂಡು ಮೂತಿಯನ್ನು ಇನ್ನಷ್ಟು ಎತ್ತಿದರೆ ವಿಮಾನ ಇನ್ನಷ್ಟು ಏರುತ್ತದೆ, ಮುಳ್ಳೂ ಏರುತ್ತದೆ, ನಿಜವಾದ ವೇಗ ಮಾತ್ರ ಕುಸಿಯುತ್ತದೆ.

1974ರ ಡಿಸೆಂಬರ್ 1ರಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸ್ಟೋನಿ ಪಾಯಿಂಟ್ ಬಳಿ ನಾರ್ತ್‌ವೆಸ್ಟ್ ಓರಿಯೆಂಟ್ ಸಂಸ್ಥೆಯ ಬೋಯಿಂಗ್ 727 ಹೀಗೆಯೇ ಬಿತ್ತು. ಪಿಟೊ ಹೀಟರ್ ಹಾಕಿರಲಿಲ್ಲ, ನಳಿಕೆಗಳಲ್ಲಿ ಹಿಮ ಕಟ್ಟಿತು. ಏರಿದಂತೆಲ್ಲ ಏರುತ್ತಿದ್ದ ವೇಗವನ್ನು ನಂಬಿ ಮೂತಿಯನ್ನು ಎತ್ತುತ್ತಲೇ ಹೋದ ಸಿಬ್ಬಂದಿ, ಸ್ಟಾಲ್‌ನ, ಅಂದರೆ ವೇಗ ಕುಸಿದು ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ಸ್ಥಿತಿಯ, ನಡುಕವನ್ನು ಅತಿವೇಗದ ನಡುಕವೆಂದು ತಿಳಿದರು. ವಿಮಾನದಲ್ಲಿದ್ದ ಮೂವರೂ ಸತ್ತರು. ಅದು ದೊಡ್ಡ ಜೆಟ್ ಆದರೂ ಒಳಗಿನ ಭೌತಶಾಸ್ತ್ರ ಸೆಸ್ನಾದ್ದೇ, ಕಲಿಯಬೇಕಾದ ಪಾಠವೂ ಒಂದೇ.

ಸ್ಟ್ಯಾಟಿಕ್ ದಾರಿ ಮುಚ್ಚುವುದು ಎಲ್ಲಕ್ಕಿಂತ ಗಂಭೀರ, ಏಕೆಂದರೆ ಮೂರೂ ಡಯಲುಗಳು ಒಟ್ಟಿಗೆ ಕೆಡುತ್ತವೆ. ಆಲ್ಟಿಮೀಟರ್ ಮುಚ್ಚಿದ ಕ್ಷಣದ ಎತ್ತರದಲ್ಲೇ ಅಂಟಿಕೊಳ್ಳುತ್ತದೆ. ವಿಎಸ್‌ಐ ಸೊನ್ನೆಯಲ್ಲಿ ನಿಲ್ಲುತ್ತದೆ. ವೇಗಸೂಚಕ ಓಡುತ್ತಿರುತ್ತದೆ, ಆದರೆ ಮುಚ್ಚಿದ ಎತ್ತರಕ್ಕಿಂತ ಮೇಲೆ ಕಡಿಮೆಯನ್ನೂ ಕೆಳಗೆ ಹೆಚ್ಚನ್ನೂ ತೋರಿಸುತ್ತದೆ. ಜಕ್ಕೂರಿನಲ್ಲಿ ನೆಲದ ಮೇಲೆ ರಂಧ್ರ ಮುಚ್ಚಿದ ವಿಮಾನ 74 ನಾಟ್‌ನಲ್ಲಿ ಏರುತ್ತಿದೆ ಎನ್ನೋಣ. ಸೆಸ್ನಾ 172ಎಸ್ ಸಮುದ್ರಮಟ್ಟದಲ್ಲಿ ಅತಿ ಬೇಗ ಎತ್ತರ ಗಳಿಸುವ ವೇಗ ಅದು. 100 ಅಡಿ ಮೇಲೇರುವಷ್ಟರಲ್ಲಿ ಮುಳ್ಳು 58ಕ್ಕೆ ಇಳಿಯುತ್ತದೆ, 270 ಅಡಿಯ ಹೊತ್ತಿಗೆ ಸೊನ್ನೆಗೆ. ಗಾಬರಿಯಾಗಿ ಮೂತಿ ತಗ್ಗಿಸಿದರೆ ನೆಲ ಹತ್ತಿರದಲ್ಲೇ ಇದೆ. ಇನ್ನೂ ಕೆಟ್ಟದ್ದು ಇದರ ತಿರುವು: ಎತ್ತರದಲ್ಲಿ ಮುಚ್ಚಿಕೊಂಡು ಇಳಿಯಲು ಬರುವಾಗ ಮುಳ್ಳು ಸುಳ್ಳೇ ಹೆಚ್ಚು ವೇಗ ತೋರಿಸುತ್ತದೆ, ಪೈಲಟ್ ಶಕ್ತಿ ತಗ್ಗಿಸುತ್ತಾನೆ, ಭೂಸ್ಪರ್ಶಕ್ಕೆ ಮುನ್ನವೇ ವಿಮಾನ ಸ್ಟಾಲ್ ಆಗಬಹುದು.

1996ರ ಅಕ್ಟೋಬರ್ 2ರ ರಾತ್ರಿ ಪೆರುವಿನ ಲಿಮಾದಿಂದ ಹೊರಟ ಏರೋಪೆರು 603ರಲ್ಲಿ ಆದದ್ದು ಸ್ಟ್ಯಾಟಿಕ್ ದೋಷ. ವಿಮಾನ ತೊಳೆಯುವಾಗ ಸ್ಟ್ಯಾಟಿಕ್ ರಂಧ್ರಗಳಿಗೆ ಹಚ್ಚಿದ್ದ ಅಂಟುಪಟ್ಟಿಯನ್ನು ತೆಗೆದಿರಲಿಲ್ಲ. ಅತಿವೇಗದ ಎಚ್ಚರಿಕೆಯೂ ಸ್ಟಾಲ್ ಎಚ್ಚರಿಕೆಯೂ ಒಟ್ಟೊಟ್ಟಿಗೆ ಕೂಗುತ್ತಿದ್ದವು. ನಿಮ್ಮ ಎತ್ತರ ಇಷ್ಟು ಎಂದು ನೆಲದ ನಿಯಂತ್ರಕ ಹೇಳಿದ್ದನ್ನು ಸಿಬ್ಬಂದಿ ಸ್ವತಂತ್ರ ಸಾಕ್ಷಿಯೆಂದು ನಂಬಿದರು. ಆ ಅಂಕಿಯಾದರೋ ಅದೇ ಮುಚ್ಚಿದ ರಂಧ್ರದಿಂದ ಒತ್ತಡ ಪಡೆದು, ನೆಲದ ರೇಡಾರಿಗೆ ಎತ್ತರ ತಿಳಿಸುವ ಅವರದೇ ಟ್ರಾನ್ಸ್‌ಪಾಂಡರ್ ಕಳಿಸಿದ್ದಾಗಿತ್ತು. ಎಪ್ಪತ್ತು ಮಂದಿ ಸಮುದ್ರದಲ್ಲಿ ಸತ್ತರು. ಹಗುರ ವಿಮಾನದಲ್ಲೂ ಎತ್ತರ ಕಳಿಸುವ ಎನ್‌ಕೋಡರ್ ಅದೇ ಸ್ಟ್ಯಾಟಿಕ್ ಪೈಪಿಗೆ ಸೇರಿಕೊಂಡಿರುತ್ತದೆ. ಇದನ್ನು ಪ್ರತಿ ವಿದ್ಯಾರ್ಥಿಗೂ ಮೊದಲ ವಾರವೇ ಕಲಿಸಬೇಕು.

ಮುಚ್ಚುವ ವಸ್ತುಗಳು ಸಾಮಾನ್ಯವಾದವೇ: ತೆಗೆಯಲು ಮರೆತ ಪಿಟೊ ಕವರ್, ಮೇಣದ ಪಾಲಿಶ್, ಬಣ್ಣ, ಮಳೆನೀರು, ಹಿಮ. ಇವೆಲ್ಲಕ್ಕಿಂತ ಹಟಮಾರಿಯಾದದ್ದು ಮಣ್ಣಿನ ಗೂಡು ಕಟ್ಟುವ ಕಡಜ. ಪಿಟೊ ನಳಿಕೆಯಷ್ಟು ಅಗಲದ ಬಾಯಿಯ ಕೊಳವೆ ಅದಕ್ಕೆ ಹೇಳಿ ಮಾಡಿಸಿದ ಜಾಗ, ಕವರ್ ಇಲ್ಲದೆ ಸ್ವಲ್ಪ ಹೊತ್ತು ನಿಂತ ವಿಮಾನವನ್ನೂ ಅದು ಬಿಡುವುದಿಲ್ಲ. 1996ರ ಫೆಬ್ರವರಿ 6ರಂದು ಡೊಮಿನಿಕನ್ ಗಣರಾಜ್ಯದ ಪ್ವೆರ್ಟೊ ಪ್ಲಾಟಾ ಬಳಿ 189 ಜನರೊಂದಿಗೆ ಸಮುದ್ರಕ್ಕೆ ಬಿದ್ದ ಬಿರ್ಗೆನ್‌ಏರ್ 301ರಲ್ಲೂ ಇಂಥ ಹುಳುವಿನ ಮೇಲೆಯೇ ಶಂಕೆ. ಆ ನಳಿಕೆ ಸಿಗಲಿಲ್ಲವಾದ್ದರಿಂದ ಅದು ಶಂಕೆಯಾಗಿಯೇ ಉಳಿಯಿತು. ತನ್ನ ವೇಗಸೂಚಕ ಕೆಲಸ ಮಾಡುತ್ತಿಲ್ಲವೆಂಬುದು ಕ್ಯಾಪ್ಟನ್‌ಗೆ ಓಟದಲ್ಲೇ ಗೊತ್ತಾಗಿತ್ತು. ಆದರೂ ವಿಮಾನ ಏರಿತು. ಓಟದ ಆರಂಭದಲ್ಲಿ ಮುಳ್ಳು ಎದ್ದದ್ದನ್ನು ಕಂಡು ‘ಏರ್‌ಸ್ಪೀಡ್ ಅಲೈವ್’ ಎಂದು ಕೂಗುವ ಪದ್ಧತಿಗೆ ಇರುವ ಅರ್ಥ ಇದೇ: ಮುಳ್ಳು ಏಳದಿದ್ದರೆ ರನ್‌ವೇ ಮುಗಿಯುವ ಮೊದಲು ಬ್ರೇಕ್ ಹಾಕಬೇಕು.

ಸೋರಿಕೆ

ಮುಚ್ಚುವಿಕೆ ಜೋರಾಗಿ ಕಾಣಿಸಿಕೊಂಡರೆ ಸೋರಿಕೆ ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲದು. ಪಿಟೊ ಪೈಪು ಸೋರಿದರೆ ವೇಗಸೂಚಕ ಕಡಿಮೆ ತೋರಿಸುತ್ತದೆ, ಬೇರೆ ಎರಡು ಡಯಲು ಸರಿಯಾಗಿರುತ್ತವೆ. ಸ್ಟ್ಯಾಟಿಕ್ ಪೈಪು ಕ್ಯಾಬಿನ್ನಿನೊಳಗೆ ಸೋರಿದರೆ ಕ್ಯಾಬಿನ್ ಗಾಳಿ ಅದರೊಳಗೆ ಸೇರುತ್ತದೆ. ಒತ್ತಡ ತುಂಬದ ಹಗುರ ವಿಮಾನದಲ್ಲಿ, ಹೊರಗೆ ಹರಿಯುವ ಗಾಳಿಯ ಸೆಳೆತದಿಂದ ಕ್ಯಾಬಿನ್ನಿನ ಒತ್ತಡ ಸಾಮಾನ್ಯವಾಗಿ ಹೊರಗಿನದಕ್ಕಿಂತ ತುಸು ಕಡಿಮೆ. ಹಾಗಾಗಿ ಆಲ್ಟಿಮೀಟರ್ ತುಸು ಹೆಚ್ಚು ಎತ್ತರ, ವೇಗಸೂಚಕ ತುಸು ಹೆಚ್ಚು ವೇಗ ತೋರಿಸುತ್ತವೆ. ಇದನ್ನು ಪತ್ತೆಹಚ್ಚಲು ಖರ್ಚಿಲ್ಲದ ಒಂದು ಪರೀಕ್ಷೆಯಿದೆ. ಶಾಂತ ಗಾಳಿಯಲ್ಲಿ ಮಟ್ಟಸವಾಗಿ ಹಾರುತ್ತ ಕ್ಯಾಬಿನ್ನಿನ ಗಾಳಿಕಿಂಡಿಯನ್ನು ತೆರೆದು ಮುಚ್ಚಿ ನೋಡುವುದು. ಆಗ ಆಲ್ಟಿಮೀಟರಿನ ಮುಳ್ಳು ಕುಣಿದರೆ ಸ್ಟ್ಯಾಟಿಕ್ ಪೈಪು ಎಲ್ಲೋ ಕ್ಯಾಬಿನ್ನಿಗೆ ಬಾಯಿಬಿಟ್ಟಿದೆ ಎಂದೇ ಅರ್ಥ. ಹಾಗೆ ತೀರ್ಮಾನಿಸುವ ಮುನ್ನ, ಸ್ಟ್ಯಾಟಿಕ್ ರಂಧ್ರ ಮುಚ್ಚಿದಾಗ ಕ್ಯಾಬಿನ್ ಗಾಳಿಯನ್ನು ಪೈಪಿಗೆ ಬಿಡುವ ಆಲ್ಟರ್ನೇಟ್ ಸ್ಟ್ಯಾಟಿಕ್ ಗುಂಡಿ ಪೂರ್ತಿ ಒಳಗೆ ಕೂತಿದೆಯೇ ಎಂದು ನೋಡಬೇಕು. ಅರ್ಧ ಎಳೆದ ಗುಂಡಿಯೂ ಇದೇ ಲಕ್ಷಣ ಕೊಡುತ್ತದೆ.

ಮಳೆಯ ನಂತರ ಮುಳ್ಳು ತಡವರಿಸಿ ಹಾರುತ್ತಿದ್ದರೆ, ಅದರಲ್ಲೂ ಮೂತಿ ಎತ್ತಿ ಇಳಿಸಿದಾಗ ಹಾಗಾದರೆ, ಪೈಪಿನ ತಗ್ಗಿನಲ್ಲಿ ನೀರು ನಿಂತಿದೆ. ಪಿಟೊ ಮತ್ತು ಸ್ಟ್ಯಾಟಿಕ್ ಎರಡೂ ಬಾಯಿಗಳು ಒಂದೇ ತಲೆಯಲ್ಲಿರುವ ಪೈಪರ್ ಪಿಎ–28ರಂಥ ವಿಮಾನಗಳಲ್ಲಿ ನೀರು ಬಸಿಯಲು ಪ್ರತ್ಯೇಕ ಗುಂಡಿಗಳಿವೆ, ತೊಳೆದ ಮೇಲೆ ಅವನ್ನು ಒತ್ತುವುದು ರೂಢಿಯಾಗಬೇಕು.

ಕಾರ್ಯಾಗಾರದಲ್ಲಿ

ಕೆಟ್ಟದ್ದು ಡಯಲೇ ಎಂದು ಮೊದಲೇ ನಿರ್ಧರಿಸಿ ಹೊಸದನ್ನು ಕೂರಿಸುವುದು ಅತಿ ಸಾಮಾನ್ಯವಾದ, ಅತಿ ದುಬಾರಿಯಾದ ತಪ್ಪು. ಹೊಸ ಡಯಲು ಕೂರಿಸುವಾಗ ಅಲುಗಿಸಿದ ಹಳೆಯ ನೈಲಾನ್ ಜೋಡಣೆ ಬಿರುಕುಬಿಟ್ಟು ಇನ್ನೊಂದು ಸೋರಿಕೆ ಹುಟ್ಟುವುದೂ ಉಂಟು. ಇತ್ತೀಚೆಗೆ ಕೈ ಹಾಕಿದ ಜಾಗವನ್ನೇ ಮೊದಲು ಶಂಕಿಸಬೇಕು: ಅತಿ ಬಿಗಿದ ನಟ್, ಒಣಗಿ ಗಟ್ಟಿಯಾದ ಓ–ರಿಂಗ್, ಮಡಿಚಿಹೋದ ಪ್ಲಾಸ್ಟಿಕ್ ಪೈಪು, ತಿರುಪಿನ ಎಳೆಗೆ ಸುತ್ತಿದ ಟೆಫ್ಲಾನ್ ಪಟ್ಟಿಯ ತುಣುಕು ಒಳಗೆ ಸೇರಿರುವುದು. ಬದಲಾಯಿಸಿದ ಕೂಡಲೇ ವೇಗಸೂಚಕದ ಮುಳ್ಳು ಸೊನ್ನೆಯ ಹಿಂದಕ್ಕೆ ಒತ್ತಿಕೊಂಡರೆ ಎರಡು ಪೈಪುಗಳು ಅದಲುಬದಲಾಗಿವೆ.

ಪಿಟೊ ಕಡೆಯ ಪರೀಕ್ಷೆಗೆ ಮೇಸ್ತ್ರಿಗಳು ಗೋಡೆಯ ಮಟ್ಟ ನೋಡಲು ಹಿಡಿಯುವಂಥ ನೀರು ತುಂಬಿದ ಪಾರದರ್ಶಕ ಪೈಪೇ ಸಾಕು. ಅದನ್ನು ಯು ಆಕಾರದಲ್ಲಿ ನಿಲ್ಲಿಸಿ, ಒಂದು ತುದಿಯನ್ನು ಪಿಟೊ ನಳಿಕೆಗೆ ಗಾಳಿಯಾಡದಂತೆ ಸೇರಿಸಿ, ಹಿಂದಿನ ತೂತನ್ನು ಮುಚ್ಚಿ, ಎರಡು ತೋಳುಗಳ ನೀರಿನ ಮಟ್ಟದಲ್ಲಿ 165 ಮಿಲಿಮೀಟರ್ ಅಂತರ ಬರುವಂತೆ ನಿಧಾನವಾಗಿ ಒತ್ತಡ ಕೊಟ್ಟರೆ ಮುಳ್ಳು 100 ನಾಟ್ ತೋರಿಸಬೇಕು. 238 ಮಿಲಿಮೀಟರಿಗೆ 120. ತೋರಿಸಿದ್ದು ಸರಿಯಿದ್ದು ನಿಧಾನವಾಗಿ ಇಳಿಯುತ್ತಿದ್ದರೆ ಸೋರಿಕೆ. ಇಳಿಯದೆ ತಪ್ಪು ಅಂಕಿಯಲ್ಲೇ ನಿಂತರೆ ಆಗ ಡಯಲಿನ ಮೇಲೆ ಶಂಕೆ. ಬಾಯಿಂದ ಊದುವುದಾಗಲಿ ಕಂಪ್ರೆಸರ್ ಹಿಡಿಯುವುದಾಗಲಿ ಕೂಡದು. ಒಂದು ಉಸಿರಿನ ಒತ್ತಡವೂ ಬಿಲ್ಲೆಯನ್ನು ಶಾಶ್ವತವಾಗಿ ಡೊಂಕು ಮಾಡಬಲ್ಲದು. ಪೈಪನ್ನು ಊದಿ ಸ್ವಚ್ಛಮಾಡಲೇಬೇಕಾದರೆ ಎಲ್ಲ ಡಯಲುಗಳನ್ನೂ ಬಿಡಿಸಿಟ್ಟು, ಡಯಲಿನ ಕಡೆಯಿಂದ ಹೊರಕ್ಕೆ ಊದಬೇಕು.

ಸ್ಟ್ಯಾಟಿಕ್ ಕಡೆಗೆ ಒತ್ತಡವಲ್ಲ, ಹೀರಿಕೆ. ಒತ್ತಡ ತುಂಬದ ವಿಮಾನಗಳಿಗೆ ಅಮೆರಿಕದ ನಿಯಮ ಸರಳವಾಗಿದೆ: ಆಲ್ಟಿಮೀಟರ್ 1000 ಅಡಿ ಹೆಚ್ಚು ತೋರಿಸುವವರೆಗೆ ಗಾಳಿ ಹೀರಿ ಮುಚ್ಚಿದರೆ, ಒಂದು ನಿಮಿಷದಲ್ಲಿ ಓದು 100 ಅಡಿಗಿಂತ ಹೆಚ್ಚು ಇಳಿಯಬಾರದು. ಉಪಕರಣಗಳನ್ನೇ ನಂಬಿ ಹಾರುವ ವಿಮಾನಗಳಿಗೆ ಅಲ್ಲಿ 24 ತಿಂಗಳಿಗೊಮ್ಮೆ ಈ ತಪಾಸಣೆ ಕಡ್ಡಾಯ. ಹೀರುವಾಗ ವಿಎಸ್‌ಐ ಮುಳ್ಳು ತನ್ನ ಮಿತಿ ದಾಟದಷ್ಟು ನಿಧಾನ ಬೇಕು, ಬಿಡುವಾಗ ಅದಕ್ಕಿಂತ ನಿಧಾನ ಬೇಕು. ಪಿಟೊ ಬಾಯಿ ತೆರೆದಿಟ್ಟು 1000 ಅಡಿಯಷ್ಟು ಹೀರಿದರೆ ವೇಗಸೂಚಕ ನಿಂತಲ್ಲೇ 140ರಿಂದ 150 ನಾಟ್ ತೋರಿಸುತ್ತದೆ. ಇನ್ನೂ ಹೆಚ್ಚು ಹೀರಿದರೆ ಅದು ಕೆಟ್ಟುಹೋಗಬಹುದು. ಆದ್ದರಿಂದ ಹೆಚ್ಚು ಎತ್ತರದ ಪರೀಕ್ಷೆಗೆ ಎರಡೂ ಪೈಪುಗಳನ್ನು ಟಿ ಜೋಡಣೆಯಿಂದ ಒಂದುಗೂಡಿಸುತ್ತಾರೆ. ಸೋರಿಕೆ ಸಿಕ್ಕರೆ ಪೈಪಿನ ಮಧ್ಯದಲ್ಲಿ ಬಿಡಿಸಿ, ಮುಚ್ಚಿ, ಯಾವ ಅರ್ಧ ಸೋರುತ್ತಿದೆ ಎಂದು ನೋಡಿ, ಆ ಅರ್ಧವನ್ನು ಮತ್ತೆ ಅರ್ಧ ಮಾಡುತ್ತ ಹೋಗುವುದೇ ಬೇಗನೆ ಮುಗಿಯುವ ದಾರಿ. ಪರೀಕ್ಷೆಗೆ ಬಳಸುವ ಅಂಟುಪಟ್ಟಿ ಕಣ್ಣಿಗೆ ಹೊಡೆಯುವ ಬಣ್ಣದ್ದಾಗಿರಬೇಕು. ಅದನ್ನು ತೆಗೆದದ್ದನ್ನು ಇನ್ನೊಬ್ಬರು ನೋಡಿ ಸಹಿ ಹಾಕಬೇಕು. ಭಾರತದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ನಿಯಮ ಮತ್ತು ತಯಾರಕರ ಕೈಪಿಡಿ ಹೇಳಿದ್ದೇ ಅಂತಿಮ, ಪರವಾನಗಿ ಪಡೆದ ಎಂಜಿನಿಯರ್ ಮಾತ್ರ ಈ ಕೆಲಸ ಮಾಡಬಹುದು.

ಗಾಳಿಯಲ್ಲಿದ್ದಾಗ

ಓದು ಸಂಶಯಾಸ್ಪದವಾದರೆ ಪೈಲಟ್ ಮುಳ್ಳನ್ನು ಬಿಟ್ಟು ವಿಮಾನವನ್ನು ಹಾರಿಸಬೇಕು. ಗೊತ್ತಿರುವ ಮೂತಿಯ ಕೋನ, ಗೊತ್ತಿರುವ ಎಂಜಿನ್ ಶಕ್ತಿ ಸೇರಿದರೆ ಗೊತ್ತಿರುವ ವೇಗವೇ ಬರುತ್ತದೆ. ತನ್ನ ವಿಮಾನದ ಈ ಜೋಡಿಗಳನ್ನು ಬಾಯಿಪಾಠ ಮಾಡಿದವನಿಗೆ ಸತ್ತ ವೇಗಸೂಚಕ ಅಷ್ಟೇನೂ ದೊಡ್ಡ ವಿಷಯವಲ್ಲ. ನಂತರ ಪಿಟೊ ಹೀಟರ್ ಹಾಕಿ, ಸ್ಟ್ಯಾಟಿಕ್ ಶಂಕೆಯಿದ್ದರೆ ಆಲ್ಟರ್ನೇಟ್ ಗುಂಡಿ ಎಳೆಯಬೇಕು. ಎಳೆದೊಡನೆ ವಿಎಸ್‌ಐ ಕ್ಷಣಕಾಲ ಏರಿಕೆ ತೋರಿಸಿ, ಉಳಿದೆರಡು ತುಸು ಹೆಚ್ಚು ತೋರಿಸುವುದು ಸಹಜ. ಆ ಗುಂಡಿ ಇಲ್ಲದ ಹಳೆಯ ವಿಮಾನದಲ್ಲಿ ಕೊನೆಯ ಉಪಾಯ ವಿಎಸ್‌ಐ ಗಾಜನ್ನು ಒಡೆಯುವುದು; ವಿಎಸ್‌ಐ ಕೈಬಿಟ್ಟುಹೋದರೂ ಅದರ ಮೂಲಕ ಕ್ಯಾಬಿನ್ ಗಾಳಿ ಒಳಸೇರಿ ಇತರ ಎರಡಕ್ಕೆ ಜೀವ ಬರುತ್ತದೆ. ಜಿಪಿಎಸ್ ಎತ್ತರ ಮತ್ತು ನೆಲದ ವೇಗ ಬೇರೆ ಮೂಲದವಾದ್ದರಿಂದ ನಿಜವಾದ ಸಾಕ್ಷಿ. ಟ್ರಾನ್ಸ್‌ಪಾಂಡರ್ ಎತ್ತರ ಸಾಕ್ಷಿಯಲ್ಲ.

ಡಯಲುಗಳ ಬದಲು ಪರದೆ ಬಂದ ಜಿ1000ರಂಥ ಕಾಕ್‌ಪಿಟ್‌ಗಳಲ್ಲಿ ಒತ್ತಡಗಳನ್ನು ಅಂಕಿಗೆ ತಿರುಗಿಸುವ ಏರ್ ಡೇಟಾ ಕಂಪ್ಯೂಟರ್ ಕೆಟ್ಟರೆ ವೇಗದ ಜಾಗದಲ್ಲಿ ಕೆಂಪು ಎಕ್ಸ್ ಗುರುತು ಬರುತ್ತದೆ. ಆದರೆ ಕಡಜ ಮುಚ್ಚಿದ ನಳಿಕೆಗೆ ಯಾವ ಕೆಂಪು ಗುರುತೂ ಬರುವುದಿಲ್ಲ; ಕಂಪ್ಯೂಟರಿಗೆ ಬಂದದ್ದೂ ಒಂದು ಒತ್ತಡವೇ, ಅದು ಅದನ್ನೇ ಚೊಕ್ಕವಾದ ಅಂಕಿಯಲ್ಲಿ ಬರೆಯುತ್ತದೆ. ಪಕ್ಕದ ತುರ್ತು ಡಯಲುಗಳೂ ಅದೇ ಪೈಪಿನವಾದರೆ ಎರಡೂ ಒಂದೇ ಸುಳ್ಳು ಹೇಳುತ್ತವೆ. ಹೊಂದಿಕೆ ಕಂಡೊಡನೆ ನಿಜವೆಂದುಕೊಳ್ಳಬಾರದು.

ಇಳಿದ ಮೇಲೆ ಪೈಲಟ್‌ನ ಒಂದು ಕರ್ತವ್ಯ ಉಳಿದಿರುತ್ತದೆ. ‘ವೇಗಸೂಚಕ ಸರಿಯಿಲ್ಲ’ ಎಂದಷ್ಟೇ ಬರೆದರೆ ಎಂಜಿನಿಯರ್ ಕತ್ತಲಲ್ಲಿ ಹುಡುಕಬೇಕಾಗುತ್ತದೆ. ಎಷ್ಟು ಎತ್ತರದಲ್ಲಿ, ಏರುವಾಗಲೋ ಇಳಿಯುವಾಗಲೋ, ಉಳಿದೆರಡು ಡಯಲು ಆಗ ಏನು ತೋರಿಸುತ್ತಿದ್ದವು, ಮಳೆಯಿತ್ತೇ, ಹೀಟರ್ ಹಾಕಿತ್ತೇ, ಗಾಳಿಕಿಂಡಿ ತೆರೆದಿತ್ತೇ, ಆಲ್ಟರ್ನೇಟ್ ಗುಂಡಿ ಎಳೆದಾಗ ಏನಾಯಿತು ಎಂಬುದನ್ನೆಲ್ಲ ಲಾಗ್ ಪುಸ್ತಕದಲ್ಲಿ ಬರೆಯಿರಿ, ಮತ್ತು ಆ ದೋಷ ತೀರಿತೆಂದು ಸಹಿಯಾಗುವವರೆಗೆ ಆ ವಿಮಾನವನ್ನು ಇನ್ನೊಬ್ಬರ ಕೈಗೆ ಕೊಡಬೇಡಿ.